ಹಳಿ ಇದೆ, ಕರೆಂಟ್ ಇದೆ, ಗಾಡಿ ಯಾಕಿಲ್ಲ? ಬಂಗಾರಪೇಟೆ ಲೋಕಲ್ ಬಗ್ಗೆ ಒಂದು ಪ್ರಶ್ನೆ

ಮಾಲೂರು ಲೋಕಲ್:

ಎಲ್ಲರಿಗೂ ನಮಸ್ಕಾರ. ನಾನು ಮಾಲೂರಿನವನು. ಹನ್ನೊಂದು ವರ್ಷದಿಂದ ಸೀಸನ್ ಪಾಸ್ ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ದಂಡು ಸ್ಟೇಷನ್ನಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ನಾನು ಕೆಲಸ ಮಾಡುವ ಪ್ರೆಸ್ಸು. ಬಸ್ಸು ನನಗೆ ಆಗಿಬರುವುದಿಲ್ಲ, ಕಾಡುಗೋಡಿ ದಾಟುವಷ್ಟರಲ್ಲೇ ಕೆಲಸದ ಹೊತ್ತು ಮೀರಿರುತ್ತದೆ.

ಬೆಳಗ್ಗೆ ಮಾಲೂರಿಗೆ ಬರುವ ಹೊತ್ತಿಗೆ ಗಾಡಿ ತುಂಬಿಯೇ ಇರುತ್ತದೆ. ಮಾರಿಕುಪ್ಪಂನಲ್ಲಿ ಹತ್ತಿದವರು, ಬಂಗಾರಪೇಟೆಯಲ್ಲಿ ಹತ್ತಿದವರು, ಟೇಕಲ್‌ನಲ್ಲಿ ಹತ್ತಿದವರು, ಆಮೇಲೆ ನಾವು. ಸೀಟು ಸಿಗುವ ಮಾತು ಬಿಡಿ, ಅದನ್ನು ನಾನು ಕೇಳುತ್ತಲೂ ಇಲ್ಲ. ಎರಡು ಕಾಲು ಊರಲು ಜಾಗ ಸಿಕ್ಕಿದರೆ ಸಾಕು.

ಹೋದ ವಾರ ಒಂದು ದಿನ ಹದಿನಾರು ಬೋಗಿ ಬರಬೇಕಾದ ಕಡೆ ಎಂಟೇ ಬೋಗಿ ಬಂತು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತಿದ್ದವರೆಲ್ಲ ಈ ಕಡೆಗೆ ಓಡಿ ಬಂದರು. ನನ್ನ ಮುಂದೆ ಒಬ್ಬ ಅಜ್ಜಿ, ತಲೆ ಮೇಲೆ ಸೊಪ್ಪಿನ ಗಂಟು. ಬಾಗಿಲಲ್ಲಿ ನಿಂತಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಗಂಟನ್ನು ಮೊದಲು ಒಳಗೆ ತಗೊಂಡ. ಗಂಟು ಒಳಗೆ ಹೋಯಿತು, ಅಜ್ಜಿ ಹೊರಗೇ ಉಳಿದರು. ವಾಪಸ್ ಕೊಡೋಣ ಅಂದರೆ ಬಾಗಿಲಲ್ಲಿ ಜನ, ಕಿಟಕಿಗೆ ಸರಳು. ಗಾಡಿ ಹೊರಟೇ ಬಿಟ್ಟಿತು. ಅಜ್ಜಿ "ಅಯ್ಯೋ ನನ್ ಸೊಪ್ಪು, ನನ್ ಸೊಪ್ಪು" ಅಂತ ನಾಲ್ಕು ಹೆಜ್ಜೆ ಓಡಿ ನಿಂತರು. ನಾನೂ ಹತ್ತಲಿಲ್ಲ, ಆಗಲಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮದು ಜೋಡಿ ಹಳಿ. 1990ರ ದಶಕದಲ್ಲೇ ಕರೆಂಟ್ ಲೈನ್ ಬಂದಿದೆ. ಬೆಂಗಳೂರಿಂದ ಬಂಗಾರಪೇಟೆಗೆ ಬರೀ 70 ಕಿಲೋಮೀಟರ್. ಅರ್ಧ ಗಂಟೆಗೊಂದು ಲೋಕಲ್ ಬಿಡಲು ಏನು ಕಷ್ಟ? ಯಾರನ್ನು ಕೇಳಿದರೂ "ರೇಕ್ ಇಲ್ಲ" ಅಂತ ಒಂದೇ ಉತ್ತರ. ರೇಕ್ ಇಲ್ಲ ಅಂದರೆ ಏನರ್ಥ, ಎಷ್ಟು ಬೇಕು, ಯಾರು ಕೊಡಬೇಕು? ಗೊತ್ತಿರುವವರು ಬಿಡಿಸಿ ಹೇಳಿ. ಸುಮ್ನೆ ಬೈದುಕೊಂಡು ಓಡಾಡಿ ಸಾಕಾಗಿದೆ, ಸರಿಯಾಗಿ ತಿಳಿದುಕೊಂಡು ಕೇಳಬೇಕು ಅಂತಿದ್ದೇನೆ.

ಹಳೇ ಕಂಟ್ರೋಲರ್:

ನಾನು ರೈಲು ಓಡಿಸುವ ಕಂಟ್ರೋಲ್ ರೂಮಿನಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದವನು. ನಿಮ್ಮ ಪ್ರಶ್ನೆ ಸರಿಯಾಗಿದೆ, ಬಿಡಿಸಿ ಹೇಳುತ್ತೇನೆ.

ರೇಕ್ ಅಂದರೆ ಒಂದು ಪೂರ್ತಿ ಗಾಡಿ, ಎಲ್ಲಾ ಬೋಗಿ ಸೇರಿದ ಒಂದು ಸೆಟ್. ನಿಮ್ಮ ಕಡೆ ಓಡುವುದು ಮೆಮು. ಅದಕ್ಕೆ ಬೇರೆ ಇಂಜಿನ್ ಇಲ್ಲ, ಮೋಟಾರು ಬೋಗಿಯಲ್ಲೇ ಇರುತ್ತದೆ. ಎಂಟು ಬೋಗಿಯ ಮೆಮುವಿನಲ್ಲಿ ಎರಡು ಮೋಟಾರ್ ಬೋಗಿ, ಆರು ಸಾದಾ ಬೋಗಿ. ಹದಿನಾರರದ್ದು ಅಂದರೆ ಇಂಥ ಎರಡನ್ನು ಜೋಡಿಸಿದ್ದು. ಎರಡೂ ತುದಿಯಲ್ಲಿ ಡ್ರೈವರ್ ಕೋಣೆ ಇರುವುದರಿಂದ ಇಂಜಿನ್ ಬಿಚ್ಚಿ ಸುತ್ತು ಹಾಕಿ ಇನ್ನೊಂದು ತುದಿಗೆ ಕಟ್ಟುವ ರಗಳೆ ಇಲ್ಲ. ಬಂದ ದಾರಿಯಲ್ಲೇ ತಿರುಗಿ ಹೊರಡಬಹುದು. ಮೆಮುವಿನ ನಿಜವಾದ ಲಾಭ ಇದು.

ಈಗ ಲೆಕ್ಕ. ಬಂಗಾರಪೇಟೆಯಿಂದ ಬೆಂಗಳೂರಿಗೆ ಎಲ್ಲಾ ಕಡೆ ನಿಂತು ಬರಲು ಒಂದು ಗಂಟೆ ನಲವತ್ತು ನಿಮಿಷ ಅಂತ ಇಟ್ಟುಕೊಳ್ಳಿ. ತುದಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕು. ಮತ್ತೆ ಅಷ್ಟೇ ಹೊತ್ತು ವಾಪಸ್, ಅಲ್ಲೂ ಇಪ್ಪತ್ತು ನಿಮಿಷ. ಒಟ್ಟು ನಾಲ್ಕು ಗಂಟೆ. ಅಂದರೆ ಒಂದು ರೇಕು ಒಮ್ಮೆ ನಿಮ್ಮ ಮುಂದೆ ಬೆಂಗಳೂರಿಗೆ ಹೋದರೆ, ಅದೇ ರೇಕು ಅದೇ ದಿಕ್ಕಿಗೆ ಮತ್ತೆ ಬರುವುದು ನಾಲ್ಕು ಗಂಟೆ ಆದ ಮೇಲೆ. ಅರ್ಧ ಗಂಟೆಗೊಂದು ಗಾಡಿ ಬೇಕು ಅಂದರೆ 240 ನಿಮಿಷವನ್ನು 30ರಿಂದ ಭಾಗಿಸಿ. ಎಂಟು ರೇಕು. ಇಪ್ಪತ್ತು ನಿಮಿಷಕ್ಕೊಂದು ಬೇಕಾದರೆ ಹನ್ನೆರಡು.

ಅಷ್ಟಕ್ಕೇ ಮುಗಿಯಲಿಲ್ಲ. ಬ್ರೇಕು, ಚಕ್ರ, ಮೋಟಾರು ನೋಡಲು ಗಾಡಿ ಆಗಾಗ ಷೆಡ್ಡಿಗೆ ಹೋಗಬೇಕು. ನಮ್ಮಲ್ಲಿ ಮೆಮು ಷೆಡ್ ಇರುವುದು ಬಾಣಸವಾಡಿಯಲ್ಲಿ. ನಿಗದಿತ ಅವಧಿಗೊಮ್ಮೆ ಬೋಗಿಗಳನ್ನು ಪೂರ್ತಿ ಬಿಚ್ಚಿ ಸರಿಮಾಡುವ ದೊಡ್ಡ ದುರಸ್ತಿಗೆ ವರ್ಕ್‌ಶಾಪಿಗೂ ಕಳಿಸಬೇಕು. ಹಾಗಾಗಿ ಎಂಟು ಓಡಬೇಕಾದರೆ ಕೈಯಲ್ಲಿ ಒಂಬತ್ತೋ ಹತ್ತೋ ಇರಬೇಕು. ಹೆಚ್ಚುವರಿ ಇಲ್ಲದ ಕಡೆ ಒಂದು ಕೆಟ್ಟರೆ ಎರಡು ದಾರಿ ಅಷ್ಟೇ. ಒಂದೋ ಆ ಟ್ರಿಪ್ ರದ್ದು, ಇಲ್ಲವೋ ಹದಿನಾರನ್ನು ಎರಡು ಎಂಟು ಮಾಡಿ ಎರಡು ಟ್ರಿಪ್ ಉಳಿಸಿಕೊಳ್ಳುವುದು. ಹೋದ ವಾರ ನೀವು ನೋಡಿದ್ದು ಇಂಥದ್ದೇ ಇರಬಹುದು.

ಯಾವ ವಲಯಕ್ಕೆ ಎಷ್ಟು ರೇಕು ಅಂತ ಹಂಚುವುದು ದೆಹಲಿಯ ರೈಲ್ವೆ ಮಂಡಳಿ. ಬೋಗಿ ಕಟ್ಟುವುದು ಚೆನ್ನೈನ ಐಸಿಎಫ್, ಕಪೂರ್ಥಲಾದಂಥ ಕಾರ್ಖಾನೆಗಳು. ಅದೇ ಕಾರ್ಖಾನೆ ಎಕ್ಸ್‌ಪ್ರೆಸ್ ಬೋಗಿಯನ್ನೂ ಕಟ್ಟಬೇಕು, ವಂದೇ ಭಾರತ್ ಕೂಡ ಕಟ್ಟಬೇಕು. ಮೆಮು ಬೇಕು ಅಂತ ಕೇಳುವ ಊರುಗಳು ದೇಶದ ತುಂಬ ಇವೆ. ಯಾರು ಸಂಖ್ಯೆ ಹಿಡಿದು ಕೇಳುತ್ತಾರೋ ಅವರ ಕಡತ ಸ್ವಲ್ಪ ಬೇಗ ಸರಿಯುತ್ತದೆ. "ಗಾಡಿ ಜಾಸ್ತಿ ಮಾಡಿ" ಅಂತ ಕೇಳಬೇಡಿ. "ಈ ದಾರಿಗೆ ಇನ್ನು ಇಷ್ಟು ರೇಕು ಬೇಕು" ಅಂತ ಕೇಳಿ.

ಬೊಮ್ಮಸಂದ್ರ ಶಿಫ್ಟ್:

ಕಂಟ್ರೋಲರ್ ಸರ್ ಹೇಳಿದ ಲೆಕ್ಕವನ್ನು ನಾವು ಮೆಟ್ರೋ ಹಳದಿ ಮಾರ್ಗದಲ್ಲಿ ಕಣ್ಣಾರೆ ನೋಡಿದ್ದೇವೆ, ಅದಕ್ಕೆ ಬರೆಯುತ್ತಿದ್ದೇನೆ.

ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ಸ್ಟೇಷನ್. ಕಂಬ, ಹಳಿ, ಸ್ಟೇಷನ್, ಎಸ್ಕಲೇಟರ್ ಎಲ್ಲಾ ರೆಡಿ ಇತ್ತು. ಗಾಡಿ ಇರಲಿಲ್ಲ. 2019ರಲ್ಲೇ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿಗೆ ಆರ್ಡರ್ ಹೋಗಿತ್ತು, ಆರು ಬೋಗಿಯ 36 ಗಾಡಿ. ಇಲ್ಲೇ ಕಾರ್ಖಾನೆ ಹಾಕಿ ಕಟ್ಟಬೇಕು ಅನ್ನುವ ಷರತ್ತು ಇತ್ತು, ಅದು ಆಗಲಿಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿ ಜೊತೆ ಸೇರಿ ಕಟ್ಟುವುದು ಅಂತ ಆಯಿತು. ಮಧ್ಯದಲ್ಲಿ ಕೊರೋನಾ, ಗಡಿ ಗಲಾಟೆ, ಚೀನಾ ಇಂಜಿನಿಯರ್‌ಗಳ ವೀಸಾ ತೊಂದರೆ. ಮೊದಲ ಗಾಡಿ ಹೆಬ್ಬಗೋಡಿ ಡಿಪೋಗೆ ಬಂದಿದ್ದು 2024ರ ಫೆಬ್ರವರಿಯಲ್ಲಿ. ಮಾರ್ಗ ಉದ್ಘಾಟನೆ ಆಗಿದ್ದು 2025ರ ಆಗಸ್ಟ್ 10ಕ್ಕೆ, ಅದೂ ಬರೀ ಮೂರು ಗಾಡಿಯಲ್ಲಿ.

ಮೂರು ಗಾಡಿ ಇದ್ದಾಗ 25 ನಿಮಿಷಕ್ಕೊಂದು. ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಬಂತು, 19 ನಿಮಿಷಕ್ಕೊಂದು ಆಯಿತು. ನವೆಂಬರಿನಲ್ಲಿ ಐದನೆಯದು, 15 ನಿಮಿಷ. ಈಗ ಗುಣಿಸಿ ನೋಡಿ. ಮೂರು ಇಪ್ಪತ್ತೈದಲ ಎಪ್ಪತ್ತೈದು, ಐದು ಹದಿನೈದಲ ಎಪ್ಪತ್ತೈದು, ನಾಲ್ಕು ಹತ್ತೊಂಬತ್ತಲ ಎಪ್ಪತ್ತಾರು. ಅಂದರೆ ಸುತ್ತು ಹೊಡೆಯಲು 75 ನಿಮಿಷ, ಅದನ್ನು ಇರುವ ಗಾಡಿಗೆ ಹಂಚಿದ್ದಾರೆ. ಇಷ್ಟು ಸರಳ ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಆ 25 ನಿಮಿಷದ ದಿನಗಳನ್ನು ನಾನು ಮರೆಯುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬೊಮ್ಮಸಂದ್ರದಲ್ಲಿ ಮೆಟ್ಟಿಲು ಹತ್ತುವಾಗ ಮೇಲೆ ಗಾಡಿ ಹೊರಟ ಸದ್ದು ಕೇಳಿದರೆ ಕಾಲೇ ಸೋತು ಹೋಗುತ್ತಿತ್ತು. ಇನ್ನು 25 ನಿಮಿಷ ನಿಲ್ಲಬೇಕಲ್ಲ. ಆದರೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗಿಂತ ಅದೇ ವಾಸಿ ಅಂತ ಜನ ಕಾದರು. ಗಾಡಿ ಕೊಟ್ಟರೆ ಜನ ಬಂದೇ ಬರುತ್ತಾರೆ.

ಕ್ಯಾತ್ಸಂದ್ರದವಳು:

ನಾನು ತುಮಕೂರು ಕಡೆಯವಳು, ಮಲ್ಲೇಶ್ವರದ ಒಂದು ಶಾಲೆಯಲ್ಲಿ ಕೆಲಸ. ನಮ್ಮ ಕಡೆಯೂ 70 ಕಿಲೋಮೀಟರೇ, ಜೋಡಿ ಹಳಿಯೇ. 2024ರಲ್ಲಿ ಯಶವಂತಪುರ–ತುಮಕೂರು ಮೆಮು ಶುರುವಾಯಿತು. ನಮ್ಮ ಸಂಸದರಾದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಸಚಿವರು, ಹಾಗಾಗಿ ನಮಗೆ ಆಸೆ ಜಾಸ್ತಿಯೇ ಇದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಎಷ್ಟು ಗಾಡಿ ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರೆದು ಕೇಳಿ. ಬೆಳಗ್ಗೆ ಹೋಗುವುದು ಹೇಗೋ ಆಗುತ್ತದೆ. ಸಂಜೆ ಮೀಟಿಂಗ್ ಅರ್ಧ ಗಂಟೆ ಎಳೆದು ಒಂದು ಗಾಡಿ ತಪ್ಪಿತು ಅಂದರೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು? ಅದರ ಮೇಲೆ ನಮ್ಮಂಥವರು ಆ ಕೆಲಸ ಉಳಿಸಿಕೊಳ್ಳುತ್ತೇವೋ ಬಿಡುತ್ತೇವೋ ಅನ್ನುವುದು ನಿಂತಿರುತ್ತದೆ. ನನ್ನ ಜೊತೆ ಪಾಸ್ ಮಾಡಿಸಿದ್ದ ಇಬ್ಬರು ಹೆಂಗಸರು ಕೆಲಸ ಬಿಟ್ಟಿದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಸಣ್ಣ ಮಕ್ಕಳು, ರಾತ್ರಿ ಒಂಬತ್ತೂವರೆಗೆ ಮನೆ ಸೇರಿದರೆ ಯಾರು ಒಪ್ಪುತ್ತಾರೆ?

ಹೊತ್ತು ಹೊಂದಿಸದೆ ಗಾಡಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರದ ಹಾಲ್ಟ್ ಸ್ಟೇಷನ್ ನೋಡಿ. 2021ರ ಜನವರಿಯಲ್ಲಿ ಶುರುವಾಯಿತು. ಚೆಂದದ ಸ್ಟೇಷನ್. ಆದರೆ ದಿನಕ್ಕೆ ಬೆರಳೆಣಿಕೆಯಷ್ಟು ಗಾಡಿ, ಅದೂ ವಿಮಾನದ ಹೊತ್ತಿಗೂ ಹೊಂದುವುದಿಲ್ಲ, ಅಲ್ಲಿ ಪಾಳಿಯಲ್ಲಿ ದುಡಿಯುವವರ ಹೊತ್ತಿಗೂ ಹೊಂದುವುದಿಲ್ಲ. ಆಮೇಲೆ "ಜನ ಹತ್ತುತ್ತಿಲ್ಲ" ಅನ್ನುವ ಮಾತು ಬಂತು. ಜನ ಯಾಕೆ ಹತ್ತಲಿಲ್ಲ ಅಂತ ಕೇಳಬೇಕಿತ್ತು ಅಲ್ವಾ?

ಅಂದ ಹಾಗೆ, ಆ ಅಜ್ಜಿಯ ಸೊಪ್ಪಿನ ಗಂಟು ಸಿಕ್ಕಿತಾ?

ಹೂಡಿ ಕ್ರಾಸ್:

ನಾನು ಐಟಿ ಕೆಲಸದವನು, ಬಂಗಾರಪೇಟೆಯಿಂದ ವಾರಕ್ಕೆ ಮೂರು ದಿನ ಬರುತ್ತೇನೆ. ಒಂದು ಐಡಿಯಾ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಎಲ್ಲಾ ಗಾಡಿಯೂ ಮೆಜೆಸ್ಟಿಕ್ ತನಕ ಯಾಕೆ ಹೋಗಬೇಕು? 2023ರ ಮಾರ್ಚಿನಿಂದ ವೈಟ್‌ಫೀಲ್ಡ್ ಸ್ಟೇಷನ್ ಪಕ್ಕದಲ್ಲೇ ನೇರಳೆ ಮೆಟ್ರೋ ಇದೆ, ಅಕ್ಟೋಬರಿನಲ್ಲಿ ಕೆ.ಆರ್. ಪುರ–ಬೈಯಪ್ಪನಹಳ್ಳಿ ಕೊಂಡಿಯೂ ಸೇರಿ ಚಲ್ಲಘಟ್ಟದ ತನಕ ಒಂದೇ ಗಾಡಿಯಲ್ಲಿ ಹೋಗಬಹುದು. ಬಂಗಾರಪೇಟೆ–ವೈಟ್‌ಫೀಲ್ಡ್ ನಡುವೆ ಬರೀ 46 ಕಿಲೋಮೀಟರ್ ಅಂದಾಜು. ಒಂದು ಗಂಟೆ ಓಟ, ಹದಿನೈದು ನಿಮಿಷ ನಿಲುಗಡೆ. ಹೋಗಿ ಬರಲು 150 ನಿಮಿಷ. ಅರ್ಧ ಗಂಟೆಗೊಂದು ಬಿಡಲು ಐದೇ ರೇಕು ಸಾಕು. ಎಂಟರ ಬದಲು ಐದು. ವೈಟ್‌ಫೀಲ್ಡಿನಿಂದ ಆಚೆ ಇರುವ ಎಕ್ಸ್‌ಪ್ರೆಸ್ ನೂಕುನುಗ್ಗಲಿಗೂ ನಮ್ಮ ಲೋಕಲ್ ಸಿಕ್ಕಿಕೊಳ್ಳುವುದಿಲ್ಲ.

ನನ್ನಂಥ ಸಾವಿರಾರು ಜನರ ಕೆಲಸ ಇರುವುದೇ ವೈಟ್‌ಫೀಲ್ಡ್, ಹೂಡಿ, ಐಟಿಪಿಎಲ್ ಸುತ್ತ. ನಮಗೆ ಮೆಜೆಸ್ಟಿಕ್ ಬೇಕಾಗಿಯೇ ಇಲ್ಲ.

ಊರಿಗಾಂ ಮನೆ:

ಹೂಡಿ ಕ್ರಾಸ್ ಅವರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಗಾಡಿಯಲ್ಲಿ ಯಾರಿದ್ದಾರೆ ಅಂತ ನೋಡಿ ಮಾತಾಡೋಣ.

ನಾನು ಕೆಜಿಎಫ್‌ನವಳು. ನಮ್ಮ ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ಇದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆವತ್ತಿನಿಂದ ನಮ್ಮೂರಿಗೆ ಅನ್ನ ಕೊಟ್ಟಿದ್ದು ಈ ರೈಲು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಬರುವ ಈ ಕವಲು ಹಳಿಯನ್ನು 1894ರಲ್ಲಿ ಹಾಕಿದ್ದು ಗಣಿಗೋಸ್ಕರ. ಸ್ಟೇಷನ್ ಹೆಸರು ನೋಡಿ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಎಲ್ಲಾ ಗಣಿಯ ಹೆಸರೇ. ಆಗ ಗಣಿಗೆ ಬೇಕಾದ್ದನ್ನು ಹೊತ್ತು ತಂದ ಹಳಿ ಈಗ ಜನರನ್ನು ಹೊತ್ತು ಬೆಂಗಳೂರಿಗೆ ಹೋಗುತ್ತಿದೆ.

ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ನಿಂತು ನೋಡಿ. ಸೆಕ್ಯುರಿಟಿ ಯೂನಿಫಾರ್ಮ್ ಕವರಿನಲ್ಲಿ ಮಡಚಿ ಇಟ್ಟುಕೊಂಡವರು, ಮನೆಗೆಲಸಕ್ಕೆ ಹೋಗುವವರು, ಪೇಂಟಿಂಗ್ ಕೆಲಸದವರು, ಆಸ್ಪತ್ರೆಯಲ್ಲಿ ಆಯಾ ಕೆಲಸದವರು, ಅಂಗಡಿಯಲ್ಲಿ ಬಟ್ಟೆ ಮಡಚುವ ಹುಡುಗಿಯರು. ಲೇಡೀಸ್ ಬೋಗಿಯಲ್ಲಿ ನಮ್ಮದೊಂದು ಗುಂಪಿದೆ. ಹತ್ತಿದ ಕೂಡಲೇ ಒಬ್ಬರು ಹೂವಿನ ಉಂಡೆ ಬಿಚ್ಚುತ್ತಾರೆ, ಟೇಕಲ್ ಬರುವಷ್ಟರಲ್ಲಿ ಎಲ್ಲರ ತಲೆಯಲ್ಲೂ ಒಂದೊಂದು ತುಂಡು. ಇನ್ನೊಬ್ಬರು ತಿಂಡಿ ಡಬ್ಬಿ ತೆಗೆಯುತ್ತಾರೆ. ಇಬ್ಬರ ಸೀಟಿನಲ್ಲಿ ನಾಲ್ವರು ಕೂತು, ಮಾಲೂರು ಬಂದ ಮೇಲೆ ಎದ್ದು ಬೇರೆಯವರಿಗೆ ಕೊಡುವುದು ನಮ್ಮ ಪದ್ಧತಿ.

ಇವರೆಲ್ಲ ಸೀಸನ್ ಪಾಸಿನವರು. ತಿಂಗಳ ಪಾಸಿಗೆ ಕೊಡುವುದು ಕೆಲವೇ ನೂರು ರೂಪಾಯಿ. ವೈಟ್‌ಫೀಲ್ಡಿನಲ್ಲಿ ಇಳಿಸಿ ಮೆಟ್ರೋ ಹತ್ತಿ ಅಂದರೆ ಏನಾಗುತ್ತದೆ? 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತಲ್ಲ, ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಅರ್ಧ ದರದ ದೂರ ಹೋಗುವವರಿಗೂ ಹೋಗಿ ಬರಲು ದಿನಕ್ಕೆ 90. ತಿಂಗಳಿಗೆ 25 ದಿನ ಅಂದರೆ 2,250. ನಾಲ್ಕು ಮನೆ ಪಾತ್ರೆ ತೊಳೆದು ಬರುವವರು ಅಷ್ಟು ದುಡ್ಡು ಎಲ್ಲಿಂದ ತರುತ್ತಾರೆ?

ಹಿಂದೆಯೂ ಒಮ್ಮೆ ನಮಗೆ ಹೀಗೇ ಆಗಿತ್ತು. ಕೊರೋನಾ ಆದ ಮೇಲೆ ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಹೋಯಿತು. ಮತ್ತೆ 10ಕ್ಕೆ ಇಳಿದಿದ್ದು 2024ರ ಫೆಬ್ರವರಿಯಲ್ಲಿ. ಆ ವರ್ಷಗಳಲ್ಲಿ ಒಂದು ಸ್ಟೇಷನ್ ದೂರ ಹೋಗುವವರೂ 30 ಕೊಟ್ಟರು. ವೈಟ್‌ಫೀಲ್ಡ್ ತನಕದ ಶಟಲ್ ಓಡಿಸಲಿ, ಸಂತೋಷ. ಆದರೆ ಈಗಿರುವ ನೇರ ಗಾಡಿ ಒಂದನ್ನೂ ಮುಟ್ಟಬೇಡಿ.

ಹೂಡಿ ಕ್ರಾಸ್:

ಇದು ನನ್ನ ತಲೆಗೆ ಬಂದಿರಲಿಲ್ಲ, ನಿಜ. ಮೆಟ್ರೋ ಖರ್ಚನ್ನು ನನ್ನ ಸಂಬಳದ ಲೆಕ್ಕದಲ್ಲೇ ನೋಡಿದೆ. ನೇರ ಗಾಡಿ ಹಾಗೇ ಇರಲಿ, ಶಟಲ್ ಅದರ ಮೇಲೆ ಸೇರಲಿ ಅಂತ ತಿದ್ದಿಕೊಳ್ಳುತ್ತೇನೆ. ನಮ್ಮಂಥವರು ಶಟಲ್ಲಿಗೆ ಹೋದರೆ ನೇರ ಗಾಡಿಯಲ್ಲಿ ನಿಮಗೆ ಒಂದಷ್ಟು ಜಾಗವಾದರೂ ಸಿಗುತ್ತದೆ.

ಡೊಂಬಿವಲಿ ಕನ್ನಡಿಗ:

ಮುಂಬೈಯಿಂದ ಬರೆಯುತ್ತಿದ್ದೇನೆ. ಇಲ್ಲಿ ದಿನಕ್ಕೆ 70 ಲಕ್ಷಕ್ಕೂ ಜಾಸ್ತಿ ಜನ ಲೋಕಲ್ ಹತ್ತುತ್ತಾರೆ, ಮೂರು ಸಾವಿರದಷ್ಟು ಸರ್ವೀಸ್ ಇದೆ. ಆದರೂ ಸಾಲುವುದಿಲ್ಲ. 2025ರ ಜೂನ್ 9ಕ್ಕೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಬಾಗಿಲಲ್ಲಿ ಜೋತು ಬಿದ್ದಿದ್ದವರು ಕೆಳಗೆ ಬಿದ್ದು ಸತ್ತರು. ನಾನು ದಿನಾ ಅದೇ ತಿರುವು ದಾಟುತ್ತೇನೆ. ಈಗಲೂ ಅಲ್ಲಿ ಬಂದಾಗ ಬಾಗಿಲಲ್ಲಿ ನಿಂತವರ ಬ್ಯಾಗನ್ನು ಒಳಗಿದ್ದವರು ಹಿಡಿದುಕೊಳ್ಳುತ್ತಾರೆ, ಯಾರೂ ಏನೂ ಮಾತಾಡುವುದಿಲ್ಲ. ಮಾಲೂರಿನವರೇ, ಆವತ್ತು ನೀವು ಹತ್ತದೆ ಉಳಿದಿದ್ದು ಒಳ್ಳೆಯದಾಯಿತು. ಒಂದು ದಿನದ ಕೂಲಿ ಹೋದರೆ ಹೋಗಲಿ.

ಇಲ್ಲಿಂದ ಎರಡು ವಿಷಯ ಹೇಳಬಲ್ಲೆ. ಒಂದು, ಗಾಡಿಯ ಸಂಖ್ಯೆಯಷ್ಟೇ ಉದ್ದಕ್ಕೂ ಜಗಳ ಮಾಡಿ. ಇಲ್ಲಿ ಒಂಬತ್ತು ಬೋಗಿ ಹನ್ನೆರಡಾಯಿತು, ಈಗ ಹನ್ನೆರಡರಿಂದ ಹದಿನೈದಕ್ಕೆ ಹೋಗುತ್ತಿದ್ದಾರೆ. ಹಳಿಯಲ್ಲಿ ಇನ್ನೊಂದು ಗಾಡಿಗೆ ಜಾಗ ಇಲ್ಲದಾಗ ಇರುವ ಗಾಡಿಯನ್ನೇ ಉದ್ದ ಮಾಡಬೇಕು, ಅದಕ್ಕೆ ಪ್ಲಾಟ್‌ಫಾರ್ಮೂ ಉದ್ದ ಇರಬೇಕು.

ಎರಡು, ದುಡ್ಡಿನ ವಿಷಯ. ಇಲ್ಲಿ ಲೋಕಲ್‌ಗೋಸ್ಕರವೇ 1999ರಲ್ಲಿ ಎಂಆರ್‌ವಿಸಿ ಅಂತ ಒಂದು ಕಂಪನಿ ಮಾಡಿದರು, ರೈಲ್ವೆ ಪಾಲು 51, ಮಹಾರಾಷ್ಟ್ರ ಸರ್ಕಾರದ ಪಾಲು 49. ವಿಶ್ವಬ್ಯಾಂಕ್ ಸಾಲ ತಂದು ಹೊಸ ರೇಕು ಕೊಂಡರು. ಮಂಡಳಿ ಹಂಚುವ ತನಕ ಕೈಕಟ್ಟಿ ಕೂರಲಿಲ್ಲ. ಕರ್ನಾಟಕದಲ್ಲೂ ಕೆ-ರೈಡ್ ಅಂತ ಇಂಥದ್ದೇ ಕಂಪನಿ ಇದೆಯಲ್ಲ, ಅಲ್ಲಿ ರಾಜ್ಯದ ಪಾಲೇ ಜಾಸ್ತಿ. ಅವರು ಮೆಮು ರೇಕಿಗೂ ದುಡ್ಡು ಹಾಕಬಹುದಾ ಅಂತ ಕೇಳಿ ನೋಡಿ.

ಹಳೇ ಕಂಟ್ರೋಲರ್:

ಮುಂಬೈಯವರು ಹೇಳಿದ್ದು ಸರಿ, ಆದರೆ ಕೆ-ರೈಡ್ ಕೈಯಲ್ಲಿ ಈಗ ಉಪನಗರ ರೈಲು ಯೋಜನೆ ಇದೆ. 148 ಕಿಲೋಮೀಟರ್, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರು, 15,767 ಕೋಟಿ. 2022ರ ಜೂನ್ 20ಕ್ಕೆ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದಿದ್ದರು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದು ಹೋಯಿತು, ಒಂದು ಗಾಡಿಯೂ ಓಡಲಿಲ್ಲ. ನಿಮಗೆ ಸಂಬಂಧಪಟ್ಟಿದ್ದು ಕೆಂಗೇರಿ–ವೈಟ್‌ಫೀಲ್ಡ್‌ನ ಪಾರಿಜಾತ. ಅದು ಬಂದರೂ ವೈಟ್‌ಫೀಲ್ಡಿಗೆ ನಿಲ್ಲುತ್ತದೆ, ಮಾಲೂರಿಗೆ ಬರುವುದಿಲ್ಲ. ಹಾಗಾಗಿ ಅದನ್ನು ಕಾಯುತ್ತಾ ಮೆಮು ಕೇಳುವುದನ್ನು ಬಿಡಬೇಡಿ.

ರೇಕು ಬಂದರೂ ಇನ್ನೊಂದು ಗಂಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಪಾತ್ ಅನ್ನುತ್ತೇವೆ, ಹಳಿಯ ಮೇಲೆ ಗಾಡಿಗೆ ಸಿಗುವ ಹೊತ್ತಿನ ಜಾಗ. ಬೆಳಗ್ಗೆ ಏಳರಿಂದ ಹತ್ತರ ನಡುವೆ ಚೆನ್ನೈ ಕಡೆಯ ಎಕ್ಸ್‌ಪ್ರೆಸ್, ಕೇರಳದ ಗಾಡಿ, ವಂದೇ ಭಾರತ್, ಗೂಡ್ಸ್ ಎಲ್ಲಾ ನಿಮ್ಮ ಎರಡೇ ಹಳಿಯಲ್ಲಿ ಬರಬೇಕು. ಹಿಂದೆ ವೇಗದ ಗಾಡಿ ಬಂದರೆ ಲೋಕಲ್ ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಹೋಗಿ ನಿಲ್ಲುತ್ತದೆ. ದೇವನಗೊಂದಿಯಲ್ಲಿ ನೀವು ಎಷ್ಟು ಸಲ ಹೀಗೆ ಕಾದು ನಿಂತಿಲ್ಲ ಹೇಳಿ. ದಂಡು–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಕೆಲಸ ಅದಕ್ಕೇ ಮುಖ್ಯ. ಎರಡು ಹಳಿ ಲೋಕಲ್‌ಗೆ ಸಿಕ್ಕಿದರೆ ಚಿತ್ರವೇ ಬೇರೆ.

ಹೊಸೂರು ಕಡೆಯವರ ಕಷ್ಟ ಇನ್ನೂ ದೊಡ್ಡದು. ಬೈಯಪ್ಪನಹಳ್ಳಿ–ಹೊಸೂರು ಜೋಡಿ ಹಳಿ ಕೆಲಸವೇ ಇನ್ನೂ ನಡೆಯುತ್ತಿದೆ. ಒಂಟಿ ಹಳಿಯಲ್ಲಿ ಎದುರು ಗಾಡಿ ಬರುವ ತನಕ ಕಾಯಲೇಬೇಕು, ಅಲ್ಲಿ ಹತ್ತು ರೇಕು ಕೊಟ್ಟರೂ ಓಡಿಸಲು ಆಗುವುದಿಲ್ಲ.

ನಿಮ್ಮ ದಾರಿಯಲ್ಲಿ ಇವತ್ತೇ ಆಗಬಹುದಾದ ಕೆಲಸ ಅಂದರೆ ಮೂರು. ದಟ್ಟಣೆ ಹೊತ್ತಿನ ಎಲ್ಲಾ ಗಾಡಿಯೂ ಹದಿನಾರು ಬೋಗಿಯದೇ ಆಗಬೇಕು. ಮಧ್ಯಾಹ್ನ ಮತ್ತು ರಾತ್ರಿ ಪಾತ್ ಖಾಲಿ ಇರುತ್ತದೆ, ಆ ಹೊತ್ತಿನಲ್ಲಿ ಸುಮ್ಮನೆ ನಿಂತ ರೇಕಿಗೆ ಒಂದು ಟ್ರಿಪ್ ಹಾಕಬೇಕು. ಬಾಣಸವಾಡಿಯಲ್ಲಿ ಒಂದು ಹೆಚ್ಚುವರಿ ರೇಕು ಸದಾ ಇರಬೇಕು. ಮೊದಲನೆಯದೂ ಮೂರನೆಯದೂ ಬೋಗಿ ಕೇಳುತ್ತವೆ. ಎರಡನೆಯದು ಬೋಗಿ ಕೇಳುವುದಿಲ್ಲ, ಡ್ರೈವರ್ ಮತ್ತು ಗಾರ್ಡ್ ಇದ್ದರೆ ಆಗುತ್ತದೆ.

ಮಾಲೂರು ಲೋಕಲ್:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವರ್ಷ ಓಡಾಡಿದರೂ ಇದು ಗೊತ್ತಿರಲಿಲ್ಲ. ಕಂಟ್ರೋಲರ್ ಸರ್ ಬರೆದ ಲೆಕ್ಕವನ್ನು ನಿನ್ನೆ ಗಾಡಿಯಲ್ಲಿ ನಮ್ಮ ಗುಂಪಿಗೆ ಓದಿ ಹೇಳಿದೆ. ಒಬ್ಬರು ಅಲ್ಲೇ ಚೀಟಿ ಹಿಂದೆ ಬರೆದುಕೊಂಡರು.

ಕ್ಯಾತ್ಸಂದ್ರದವರೇ, ಗಂಟು ಸಿಕ್ಕಿತು. ಬಾಗಿಲಲ್ಲಿದ್ದ ಆ ಹುಡುಗ ವೈಟ್‌ಫೀಲ್ಡಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ಕಾದಿದ್ದನಂತೆ. ಅಜ್ಜಿ ಮುಂದಿನ ಗಾಡಿಗೆ ಬಂದಾಗ ಕೈಗೆ ಕೊಟ್ಟು ಹೋಗಿದ್ದಾನೆ. ಅಷ್ಟು ಹೊತ್ತಿಗೆ ಸೊಪ್ಪು ಬಾಡಿತ್ತು, ಅರ್ಧ ಬೆಲೆಗೆ ಮಾರಿದೆ ಅಂದರು. ಆ ಹುಡುಗನಿಗೂ ಆವತ್ತು ಕೆಲಸಕ್ಕೆ ತಡ ಆಗಿರಬೇಕು.

ಈಗ ನಾವು ಮಾಡುವುದು ಇಷ್ಟು. ಮುಂದಿನ ಸೋಮವಾರದಿಂದ ಶನಿವಾರದ ತನಕ ಆರು ದಿನ, ಮಾರಿಕುಪ್ಪಂ, ಬಂಗಾರಪೇಟೆ, ಟೇಕಲ್, ಮಾಲೂರು, ನಾಲ್ಕೂ ಕಡೆ ಒಬ್ಬೊಬ್ಬರು ನಿಂತು ಬರೆದುಕೊಳ್ಳುತ್ತೇವೆ. ಗಾಡಿ ಬಂದ ಹೊತ್ತು, ಎಷ್ಟು ಬೋಗಿ, ಎಷ್ಟು ಜನ ಹತ್ತಲಾಗದೆ ಉಳಿದರು. ಊರಿಗಾಂನವರು ಮಾರಿಕುಪ್ಪಂ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಹೂಡಿ ಕ್ರಾಸ್ ಅವರು ವೈಟ್‌ಫೀಲ್ಡಿನಲ್ಲಿ ಎಷ್ಟು ಜನ ಇಳಿದು ಮೆಟ್ರೋ ಕಡೆ ಹೋಗುತ್ತಾರೆ ಅಂತ ಎಣಿಸುತ್ತಾರೆ. ಅದನ್ನು ವಿಭಾಗದ ರೈಲು ಬಳಕೆದಾರರ ಸಲಹಾ ಸಮಿತಿಗೂ ನಮ್ಮ ಸಂಸದರಿಗೂ ಕೊಡುತ್ತೇವೆ. ಮೇಲೆ ಮೂರು ಸಾಲು ಮಾತ್ರ ಇರುತ್ತದೆ: ದಟ್ಟಣೆಯಲ್ಲಿ ಹದಿನಾರು ಬೋಗಿ, ರಾತ್ರಿ ಒಂದು ಟ್ರಿಪ್, ಒಂದು ಹೆಚ್ಚುವರಿ ರೇಕು. ನೇರ ಗಾಡಿ ಯಾವುದನ್ನೂ ಕಡಿಮೆ ಮಾಡಬಾರದು ಅಂತ ಕೆಳಗೆ ಬರೆಯುತ್ತೇವೆ.

ಟೇಕಲ್‌ಗೆ ಇನ್ನೂ ಯಾರೂ ಸಿಕ್ಕಿಲ್ಲ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ. ಬೆಳಗ್ಗೆ ಎರಡು ಗಾಡಿ ನೋಡಿದರೆ ಸಾಕು.

ಕ್ಯಾತ್ಸಂದ್ರದವಳು:

ಆ ಬರೆದುಕೊಳ್ಳುವ ಪಟ್ಟಿಯನ್ನು ಇಲ್ಲಿ ಹಾಕಿ. ನಮ್ಮ ಕಡೆ ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆಯಲ್ಲಿ ನಾವೂ ಅದೇ ವಾರ ಎಣಿಸುತ್ತೇವೆ.